ಗೂಗಲ್‌ಗೆ ಸಿಟ್ಟು ಬಂತಂತೆ!

ಇಲ್ಲಿ ಏನೂ ಬರೆಯದೇ ತುಂಬಾ ದಿನವಾಯ್ತು. ಆಫೀಸು, ರಿಲೀಸು, ಅದು ಇದು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸೋಮಾರಿತನ, ಅಷ್ಟೇ. ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ನನ್ನ ಸೈಟಿನಿಂದ ಗೂಗಲ್ ಅನಲಿಟಿಕ್ಸ್ ಕಿತ್ತು ಹಾಕೋಣ ಅಂತಿದೀನಿ ಕಣೋ. ಹಾಗೆ ಮಾಡಿದ್ರೆ ಸರ್ಚಲ್ಲಿ ಕೆಳಗೆ ಹೋಗ್ತೀನಾ?" ಅಂತ ಕೇಳಿದ. "ಇಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಇದೇ "ಇಲ್ಲ" ಅನ್ನುವ ಮಾತನ್ನು 2024ರ ಬೇಸಿಗೆಯಲ್ಲಿ ನಮ್ಮ ಮಾಮಾನ ಮುಂದೆ ಹೇಳಿ ನಾನು ಪಟ್ಟ ಪಾಡು ನೆನಪಾಯಿತು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ನಿಮ್ಮಲ್ಲೂ ಎಷ್ಟೋ ಜನ ಒಂದಲ್ಲ ಒಂದು ಲೆಕ್ಕದ ಯಂತ್ರ ಹಾಕಿಕೊಂಡೇ ಇರುತ್ತೀರಿ ಅಂತ ಗೊತ್ತು :)

ಮೊದಲು ಊರಿನ ವಿಷಯ. ನಮ್ಮೂರು ಕೊಳಾರ. ಬಂಗಾರದ ಕೋಲಾರ ಅಲ್ಲ. ಮಣ್ಣಿನ ಕುಡಿಕೆ ಮೊಸರಿನ ಕೊಲ್ಹಾರವೂ ಅಲ್ಲ, ಅದು ವಿಜಯಪುರ ಜಿಲ್ಲೆಯದು. ನಮ್ಮದು ಬೀದರ್ ಶಹರದ ಪಕ್ಕದ ಕೊಳಾರ. ಹೊರಗಿನವರಿಗೆ ಈ ಹೆಸರು ಗೊತ್ತಾಗುವುದಿದ್ದರೆ ಇಂಡಸ್ಟ್ರಿಯಲ್ ಏರಿಯಾದ ಬೋರ್ಡಿನಿಂದ ಮಾತ್ರ. ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿ ನಾನು ಹೇಳಿದರೆ "ಓ, ಹತ್ತಿರಾನೇ" ಅನ್ನುತ್ತಾರೆ. ಸುಮಾರು 700 ಕಿಲೋಮೀಟರ್ ಹತ್ತಿರ!

ಮಾಮಾನದು ಬಿದ್ರಿ ಸಾಮಾನಿನ ಅಂಗಡಿ. ಅಂಗಡಿ ಚೌಬಾರಾದ ಹತ್ತಿರ, ಗವಾನ್ ಮದರಸಾಕ್ಕೆ ಹೋಗುವ ದಾರಿಯಲ್ಲಿ. ಮನೆ, ಗೋದಾಮು ಎಲ್ಲಾ ಕೊಳಾರದಲ್ಲಿ. ಮಾಮಾ ತಾನೇ ಕಾರೀಗರ್ ಅಲ್ಲ. ನಾಲ್ಕೈದು ಕಾರೀಗರರ ಮನೆಗಳಿಂದ ಮಾಲು ತಗೊಂಡು ಮಾರುವವನು. ಆ ಮನೆಗಳಲ್ಲಿ ಸಂಜೆ ಒಲೆ ಹಚ್ಚುವುದು ಎಷ್ಟೋ ಸಲ ಮಾಮಾ ಕೊಡುವ ಅಡ್ವಾನ್ಸಿನಿಂದ. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದುಬಿಟ್ಟೆ. ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಅಂಗಡಿಗೆ ಬೀಗ, ಕೋಟೆ ನೋಡಲು ಬರುವವರು ಯಾರೂ ಇಲ್ಲ, ಮಾಮಾ ಇಡೀ ದಿನ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದ. "ಒಂದು ವೆಬ್‌ಸೈಟ್ ಮಾಡೋಣ ಮಾಮಾ" ಅಂದೆ. ಮೊದಲಿಗೆ ನಕ್ಕ. ಆಮೇಲೆ ಒಪ್ಪಿದ. ವಿವರಕ್ಕೆ ಅಂತ ಅಂಗಡಿಯ ಹಳೆಯ ಪಾಂಪ್ಲೆಟ್ಟಿನ ಫೈಲು ಕೊಟ್ಟ. ಡಿಟಿಪಿ ಅಂಗಡಿಯವರು ಮಾಡಿದ್ದು, ನುಡಿ ಫಾಂಟಿನದು. ಕಾಪಿ ಮಾಡಿ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ಹಳೆಯ ಕಾಲದ ಕನ್ನಡ ತಾಣಗಳಲ್ಲಿ ಇದೇ ಗೋಳಿತ್ತಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಅಂಥ ಪುಟವನ್ನು ಯಾವ ಹುಡುಕು ಯಂತ್ರವೂ ಕನ್ನಡದಲ್ಲಿ ಹುಡುಕಿ ಕೊಡಲಾರದು. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ಒಡೆದ ಒತ್ತಕ್ಷರಗಳನ್ನು ಕೂತು ಸರಿಮಾಡಿದೆ. ಬಿದ್ರಿ, ಬಿದರಿ, ಬೀದ್ರಿ ಅಂತ ಜನ ಹೇಗೆಲ್ಲಾ ಬರೆಯುತ್ತಾರೋ ಹಾಗೆಲ್ಲಾ ಪುಟದಲ್ಲಿ ಎಲ್ಲಾದರೂ ಒಂದು ಕಡೆ ಬರುವಂತೆ ನೋಡಿಕೊಂಡೆ. ಪಕ್ಕದಲ್ಲಿ ಇಂಗ್ಲಿಷ್ ಪುಟ ಕೂಡ. ಸುಳ್ಳು ಯಾಕೆ ಹೇಳಲಿ, ಗಿರಾಕಿಗಳು ಹೆಚ್ಚಾಗಿ ಬರುವುದು ಅದರಿಂದಲೇ.

ಸೈಟು ಆಯ್ತು. ಮಾಮಾನ ಮೊದಲ ಪ್ರಶ್ನೆ: "ಎಷ್ಟ್ ಮಂದಿ ಬಂದ್ರು ಅಂತ ಹೆಂಗ್ ಗೊತ್ತಾಗ್ತದ?"

ಹಿಂದೆ ಎಲ್ಲರ ಪುಟದ ಬಲಗಡೆ ಒಂದು ಹಿಟ್ ಕೌಂಟರ್ ಇರುತ್ತಿತ್ತಲ್ಲ, ಬಸ್ಸಿನ ಮೀಟರಿನಂತೆ ತಿರುಗುವುದು? ನಾವೇ ಹತ್ತು ಸಲ ರಿಫ್ರೆಶ್ ಮಾಡಿ ನೂರು ದಾಟಿಸಿ ಖುಷಿಪಡುವಂಥದ್ದು! ಅದರ ಕಾಲ ಮುಗಿದಿತ್ತು. ನಾನು ಎಲ್ಲರಂತೆ ಗೂಗಲ್ ಅನಲಿಟಿಕ್ಸ್ ಹಾಕಿದೆ. ಇದರ ಹಿಂದೆಯೂ ಒಂದು ಕಥೆ ಇದೆ. ಅರ್ಚಿನ್ ಅನ್ನುವ ಒಂದು ಕಂಪನಿಯನ್ನು ಗೂಗಲ್ 2005ರ ಏಪ್ರಿಲ್‌ನಲ್ಲಿ ಕೊಂಡು, ಅದರ ಸಾಮಾನನ್ನು ಅದೇ ವರ್ಷ ನವೆಂಬರಿನಲ್ಲಿ ಪುಕ್ಕಟೆ ಹಂಚಿತು. ಮುಗಿಬಿದ್ದ ಜನರನ್ನು ತಾಳಲಾರದೆ ಕೆಲವೇ ದಿನಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಈಗಲೂ ಕೊಂಡಿಗಳ ಬಾಲದಲ್ಲಿ ಯುಟಿಎಂ ಅಂತ ಕಾಣುತ್ತದಲ್ಲ, ಅದರಲ್ಲಿನ 'ಯು' ಅದೇ ಅರ್ಚಿನ್.

ಅದನ್ನು ನೇರವಾಗಿ ಪುಟಕ್ಕೆ ಹಾಕುವ ಬದಲು, ದೊಡ್ಡ ಇಂಜಿನಿಯರ್ ಅಲ್ಲವೇ ನಾನು, ಟ್ಯಾಗ್ ಮ್ಯಾನೇಜರ್ ಮೂಲಕ ಹಾಕಿದೆ. ಟ್ಯಾಗ್ ಮ್ಯಾನೇಜರ್ ಅಂದರೆ ಒಂದು ಚೀಲ ಅಂದುಕೊಳ್ಳಿ. ಪುಟಕ್ಕೆ ಚೀಲವನ್ನು ಒಂದು ಸಲ ನೇತುಹಾಕಿದರೆ ಸಾಕು, ಆಮೇಲೆ ಪುಟ ಮುಟ್ಟದೇ ಚೀಲದೊಳಗೆ ಏನು ಬೇಕಾದರೂ ತುಂಬಬಹುದು. ಇದು ನೆನಪಿರಲಿ. ನನಗೆ ನೆನಪಿರಲಿಲ್ಲ.

ಮಾಮಾನಿಗೆ ಪ್ರತಿ ಸೋಮವಾರ ವಾಟ್ಸಾಪಿನಲ್ಲಿ ಅಂಕಿ ಕಳಿಸುತ್ತಿದ್ದೆ. ಕಾರೀಗರರಿಗೂ ಅದನ್ನು ತೋರಿಸುತ್ತಿದ್ದನಂತೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಹೈದರಾಬಾದ್, ಪುಣೆ, ಬೆಂಗಳೂರಿನಿಂದ ಫೋನ್ ಬರತೊಡಗಿದವು. ಒಂದು ಭಾನುವಾರ ಬೆಂಗಳೂರಿನವರೊಬ್ಬರು ಬಿಲ್ಲಿನ ಮೇಲಿದ್ದ 'ಕೊಳಾರ' ನೋಡಿ ಗಾಡಿ ತಗೊಂಡು ಸೀದಾ ಕೋಲಾರಕ್ಕೆ ಹೋಗಿ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಚೌಬಾರಾ ಎಲ್ಲಿ ಬರುತ್ತೆ ಸಾರ್?" ಅಂತ ಫೋನ್ ಮಾಡಿದ್ದರು. ಮಾಮಾ ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾನೆ.

2023ರ ಜುಲೈ 1ರಿಂದ ಹಳೆಯ ಅನಲಿಟಿಕ್ಸ್ ಹೊಸ ಲೆಕ್ಕ ಬರೆದುಕೊಳ್ಳುವುದನ್ನು ನಿಲ್ಲಿಸಿತು. ಎಲ್ಲರೂ ಜಿಎ4 ಎಂಬ ಹೊಸದಕ್ಕೆ ಹೋಗಬೇಕಾಯಿತು. ನಾನೂ ಹೋದೆ. ಆದರೆ ಆ ಹೊಸದು ನನಗೆ ತಲೆಗೇ ಹತ್ತಲಿಲ್ಲ. ಸೋಮವಾರದ ಅಂಕಿ ಎರಡು ವಾರಕ್ಕೊಮ್ಮೆ ಆಯ್ತು, ತಿಂಗಳಿಗೊಮ್ಮೆ ಆಯ್ತು, ನಿಂತೇ ಹೋಯ್ತು. ಮಾಮಾನೂ ಕೇಳಲಿಲ್ಲ. ಫೋನ್ ಬರುತ್ತಿದ್ದವಲ್ಲ.

2024ರ ಫೆಬ್ರವರಿ ಕೊನೆಗೆ ಊರಿಗೆ ಹೋದಾಗ ಅತ್ತಿಯ ಮೊಬೈಲಿನಲ್ಲಿ ನಮ್ಮದೇ ಸೈಟು ತೆರೆದೆ. ಕೊಳಾರದ ಮನೆಯ ಒಳಕೋಣೆ, ನೆಟ್‌ವರ್ಕ್ ಒಂದು ಕಡ್ಡಿ. ಪುಟ ಬರುವಷ್ಟರಲ್ಲಿ ಸುಸಲಾ ತಿಂದು ಮುಗಿಯಿತು. ಏನಿದು ಭಾರ ಅಂತ ನೋಡಿದರೆ, ನನ್ನ ಇಡೀ ಪುಟದ ಅಕ್ಷರಗಳಿಗಿಂತ ಆ ಲೆಕ್ಕದ ಸ್ಕ್ರಿಪ್ಟೇ ಎಷ್ಟೋ ಪಟ್ಟು ದೊಡ್ಡದು! ನೋಡುವವರಿಲ್ಲದ ಲೆಕ್ಕಕ್ಕೆ ಅತ್ತಿಯ ಡೇಟಾ ಖರ್ಚು. ಅದೂ ಅಲ್ಲದೆ, ಮದುವೆಗೆ ಉಡುಗೊರೆ ಹುಡುಕುವವರ ಹೆಜ್ಜೆ ಗುರುತನ್ನೆಲ್ಲ ನಾನ್ಯಾಕೆ ಇನ್ನೊಬ್ಬರಿಗೆ ಒಪ್ಪಿಸಬೇಕು ಅನ್ನಿಸಿತು. ಬೆಂಗಳೂರಿಗೆ ಮರಳಿ ಮಾರ್ಚ್ ಮೊದಲ ವಾರದಲ್ಲಿ ಒಂದು ರಾತ್ರಿ ಇಡೀ ಚೀಲವನ್ನೇ ಕಿತ್ತು ಎಸೆದೆ. ಎರಡು ತುಂಡು ಕೋಡು, ಎರಡು ನಿಮಿಷದ ಕೆಲಸ. ಮಾಮಾನಿಗೆ ಫೋನಿನಲ್ಲಿ ಹೇಳಿದೆ, "ಗೂಗಲ್ಲಿನ ಒಂದು ಕೋಡ್ ತೆಗೆದೀನಿ ಮಾಮಾ, ಸೈಟ್ ಲಗೂ ಬರ್ತದ ಈಗ." ಸುಮ್ಮನಿರಬೇಕಿತ್ತು.

ಏಪ್ರಿಲ್ ಕೊನೆಗೆ ಮಾಮಾನ ಫೋನು.

"ಏ ತಮ್ಮಾ, ಫೋನ್ ಬರೋದು ಕಮ್ಮಿ ಆಗ್ಯಾವ. ಲಗ್ನದ ಸೀಜನ್‌ನ್ಯಾಗ ಹಿಂಗ್ ಎಂದೂ ಆಗಿಲ್ಲ. ನೀ ಅದೇನೋ ತೆಗೆದಿ ಅಂದಿದ್ದೆಲ್ಲ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾಮಾ."

"ಸಂಬಂಧ ಅದ ಅಂತ ಹೇಳ್ಲಕತ್ತಾರ."

ಹೇಳುತ್ತಿದ್ದವರು ಯಾರೆಂದರೆ ಹೈದರಾಬಾದಿನ ಒಬ್ಬ ಮಹಾಶಯ. ವೆಬ್‌ಸೈಟುಗಳನ್ನು ಗೂಗಲ್ಲಿನ ಮೊದಲ ಪುಟಕ್ಕೆ ತರುವುದು ಅವರ ಕಸುಬಂತೆ. ಅಂಗಡಿಗೆ ಗಿರಾಕಿಯಾಗಿ ಬಂದವರು ಮಾತಿಗೆ ಮಾತು ಬೆಳೆದು ಸೈಟು ನೋಡಿ, "ಅನಲಿಟಿಕ್ಸ್ ಇಲ್ಲ! ಗೂಗಲ್ಲಿನ ಕೋಡ್ ತೆಗೆದ್ರೆ ಗೂಗಲ್‌ಗೆ ಸಿಟ್ಟು ಬರುತ್ತೆ, ನಿಮ್ಮ ಸೈಟ್ ಸತ್ತಿದೆ ಅಂದುಕೊಳ್ಳುತ್ತೆ" ಅಂದರಂತೆ. ತಿಂಗಳಿಗೆ ಹದಿನೈದು ಸಾವಿರ ಕೊಟ್ಟರೆ ಸಿಟ್ಟು ಇಳಿಸುತ್ತಾರಂತೆ.

ನನಗೆ ನಗು ಬಂತು. ಆದರೆ ಮಾಮಾ ನಗುತ್ತಿರಲಿಲ್ಲ. ಲಗ್ನದ ಸೀಜನ್ ನಂಬಿ ಕಾರೀಗರರಿಗೆ ಮಾಲು ಮಾಡಲು ಹೇಳಿಬಿಟ್ಟಿದ್ದ. ಬೆಳ್ಳಿ ಕೊಳ್ಳಲು ಅಡ್ವಾನ್ಸ್ ಕೊಟ್ಟಾಗಿತ್ತು. ಗೋದಾಮಿನಲ್ಲಿ ಹೂದಾನಿ, ಪಾನ್‌ದಾನ್‌ಗಳು ಸಾಲಾಗಿ ಕೂತಿದ್ದವು. ಆ ಹದಿನೈದು ಸಾವಿರ ಅವನು ಕೊಟ್ಟುಬಿಟ್ಟರೆ? ಅಥವಾ, ಇದು ಇನ್ನೂ ಕೆಟ್ಟದ್ದು, ಮಹಾಶಯರು ಹೇಳಿದ್ದು ನಿಜವಾಗಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಎರಡೇ ದಿನಕ್ಕೆ ರಜೆ ಹಾಕಿ ಯಶವಂತಪುರದಲ್ಲಿ ರೈಲು ಹತ್ತಿದೆ.

ರೈಲಿನಲ್ಲಿ ಕೂತು ಯೋಚಿಸಿದ್ದನ್ನು ಇಲ್ಲೇ ಹೇಳುತ್ತೇನೆ. ಗೂಗಲ್‌ನವರು ಅನಲಿಟಿಕ್ಸ್ ಅಂಕಿಗಳನ್ನು ರ್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಎಷ್ಟೋ ಸಲ ಹೇಳಿದ್ದಾರೆ. ಆದರೆ "ಅವರು ಹೇಳಿದ್ದಾರೆ" ಅಂದರೆ ಮಾಮಾ ಒಪ್ಪುವವನಲ್ಲ, ಒಪ್ಪಲೂ ಬಾರದು. ಆದ್ದರಿಂದ ಅವನಿಗೆ ಹೀಗೆ ಹೇಳಿದೆ.

ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹೊಸಬನೊಬ್ಬ ಆಟೋದವನಿಗೆ "ಬಿದ್ರಿ ಸಾಮಾನು ಎಲ್ಲಿ ಸಿಗ್ತದೆ?" ಅನ್ನುತ್ತಾನೆ. ಆಟೋದವನು ಒಂದು ಅಂಗಡಿಗೆ ಕರೆದೊಯ್ಯುತ್ತಾನೆ. ಹೋದವನು ಎರಡೇ ನಿಮಿಷಕ್ಕೆ ಹೊರಬಂದು "ಇದು ಬ್ಯಾಡ, ಬ್ಯಾರೆ ಕಡೆ ನಡಿ" ಅಂದರೆ ಆಟೋದವನಿಗೆ ಗೊತ್ತಾಯಿತು. ಕೈಯಲ್ಲಿ ಗಂಟು ಹಿಡಿದು ನಗುತ್ತಾ ಬಂದರೂ ಗೊತ್ತಾಯಿತು. ನಾಳೆ ಯಾರನ್ನು ಎಲ್ಲಿಗೆ ಒಯ್ಯಬೇಕು ಅನ್ನುವುದಕ್ಕೆ ಅವನಿಗೆ ಇಷ್ಟು ಸಾಕು. ಅಂಗಡಿಯೊಳಗೆ ನೀನು ಒಂದು ರಿಜಿಸ್ಟರ್ ಇಟ್ಟಿದ್ದೀಯೋ ಇಲ್ಲವೋ, ಅದರಲ್ಲಿ ಬಂದವರ ಹೆಸರು ಬರೆದಿದ್ದೀಯೋ ಇಲ್ಲವೋ, ಅದು ಅವನಿಗೆ ಯಾತಕ್ಕೆ? ಅನಲಿಟಿಕ್ಸ್ ಅಂದರೆ ಆ ರಿಜಿಸ್ಟರ್. ಸುಟ್ಟು ಹಾಕಿದರೆ ಲೆಕ್ಕ ಹೋಗುವುದು ನಿನಗೆ, ಆಟೋದವನಿಗಲ್ಲ.

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ರಿಜಿಸ್ಟರ್ ಪುಕ್ಕಟೆ ಕೊಟ್ಟಾವನೂ ಆ ಆಟೋದಾವನೇ ಅಲ್ಲೇನು?" ಅಂದ.

ನೋಡಿ, ಬಿ.ಇ. ಮಾಡಿದ ನನಗಿಂತ ಏಳನೇತ್ತೆ ಓದಿದ ಮಾಮಾ ಚುರುಕು! ಸರಿಯಾದ ಸಂಶಯ ಅದು. ಎರಡೂ ಒಂದೇ ಮನೆಯವಾದಾಗ ಕದ್ದು ನೋಡುವುದಿಲ್ಲ ಅಂತ ಏನು ಗ್ಯಾರಂಟಿ? ಗ್ಯಾರಂಟಿ ಇಲ್ಲ. ಆದರೆ ನೋಡಿದರೂ ಆ ರಿಜಿಸ್ಟರ್ ಅವನಿಗೆ ಉಪಯೋಗಕ್ಕೆ ಬರುವಂಥದ್ದಲ್ಲ. ಅದರಲ್ಲಿ ಯಾರು ಬೇಕಾದರೂ ಸುಳ್ಳು ಬರೆಯಬಹುದು. ಅನಲಿಟಿಕ್ಸಿನ ನಂಬರ್ ಒಂದು ಗೊತ್ತಿದ್ದರೆ ಸಾಕು, ಸೈಟಿಗೆ ಕಾಲೇ ಇಡದೆ ಸಾವಿರ ಜನ ಬಂದಂತೆ ಲೆಕ್ಕ ಕಳಿಸಬಹುದು. 2014-15ರ ಸುಮಾರಿಗೆ ಇಂಥ ಭೂತ ಭೇಟಿಗಳ ಕಾಟ ಎಲ್ಲರ ಲೆಕ್ಕದಲ್ಲೂ ತುಂಬಿಕೊಂಡಿತ್ತು. ಇದನ್ನು ನಂಬಿ ರ್ಯಾಂಕ್ ಕೊಟ್ಟರೆ ಹುಡುಕಾಟ ಒಂದೇ ವಾರದಲ್ಲಿ ಹಾಳು. ಇನ್ನೊಂದು, ರಿಜಿಸ್ಟರ್ ಎಲ್ಲಾ ಅಂಗಡಿಗಳಲ್ಲೂ ಇಲ್ಲ. ವಿಕಿಪೀಡಿಯಾದಲ್ಲಿ ಗೂಗಲ್ ಅನಲಿಟಿಕ್ಸ್ ಇಲ್ಲವೇ ಇಲ್ಲ. ಆದರೂ ಏನು ಹುಡುಕಿದರೂ ಮೇಲೆ ಬಂದು ಕೂರುವುದು ಅದೇ. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯಾವನ್ನೇ ನೋಡಿ, ಕನ್ನಡದಲ್ಲಿ ಯಾವುದಾದರೂ ಕೋಟೆಯ ಹೆಸರು ಹುಡುಕಿದರೆ ಎಷ್ಟನೆಯದಾಗಿ ಬರುತ್ತದೆ ಅಂತ.

ಹಾಗಾದರೆ ಆಟೋದವನು ನಿಜವಾಗಿ ಏನು ನೋಡುತ್ತಾನೆ? ಇದು ಹೊರಬಿದ್ದದ್ದು ಅಮೆರಿಕದ ಕೋರ್ಟಿನಲ್ಲಿ. ಅಲ್ಲಿನ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಕೇಸಿನ ವಿಚಾರಣೆ 2023ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾಯಿತು. ಅಕ್ಟೋಬರಿನಲ್ಲಿ ಗೂಗಲ್ ಹುಡುಕಾಟ ವಿಭಾಗದ ಪಾಂಡು ನಾಯಕ್ ಸಾಕ್ಷಿ ಹೇಳುವಾಗ 'ನ್ಯಾವ್‌ಬೂಸ್ಟ್' ಅನ್ನುವ ಏರ್ಪಾಡಿನ ಬಗ್ಗೆ ವಿವರಿಸಿದರು. ಹುಡುಕಾಟದ ಫಲಿತಾಂಶದ ಮೇಲೆ ಜನ ಮಾಡುವ ಕ್ಲಿಕ್ಕುಗಳನ್ನು ಅದು 13 ತಿಂಗಳ ತನಕ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೂ ಮೊದಲು ವರ್ಷಗಟ್ಟಲೆ ಈ ಕ್ಲಿಕ್ಕುಗಳ ವಿಷಯ ಎತ್ತಿದರೆ ಗೂಗಲ್‌ನವರದು ಹಾರಿಕೆಯ ಉತ್ತರವೇ. 2024ರ ಮೇ ತಿಂಗಳಲ್ಲಿ ಕಂಪನಿಯ ಒಳಗಿನ ದಸ್ತಾವೇಜುಗಳು ಸೋರಿದಾಗ ಅಲ್ಲೂ ಇದೇ ಹೆಸರು, ಜೊತೆಗೆ ಕ್ರೋಮ್ ಬ್ರೌಸರಿನ ಹೆಸರು. ಅಂದರೆ ಆಟೋ ಅವನದೇ, ರಸ್ತೆಯ ಮೇಲೆ ಕಣ್ಣೂ ಅವನದೇ. ನನ್ನ ನಿಮ್ಮ ಪುಟದಲ್ಲಿನ ಆ ಒಂದು ಸ್ಕ್ರಿಪ್ಟ್ ಕಿತ್ತರೆ ಅವನಿಗೇನೂ ಕುರುಡಾಗುವುದಿಲ್ಲ. ಇದು ಸಮಾಧಾನದ ಮಾತೋ ಹೆದರಿಕೆಯ ಮಾತೋ ನನಗೂ ಗೊತ್ತಿಲ್ಲ, ಇರಲಿ ಬಿಡಿ.

ವಾದದಲ್ಲಿ ಗೆದ್ದೆ. ಆದರೆ ಫೋನ್ ಮಾತ್ರ ಬರುತ್ತಿಲ್ಲವಲ್ಲ!

ನೋಡಿಯೇ ಬಿಡೋಣ ಅಂತ ಸರ್ಚ್ ಕನ್ಸೋಲ್ ತೆರೆದೆ. ಗೊತ್ತಿಲ್ಲದವರಿಗೆ: ಇದು ಅನಲಿಟಿಕ್ಸ್ ಅಲ್ಲ. ಹುಡುಕಾಟದಲ್ಲಿ ನಿಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟನೆಯ ಸ್ಥಾನದಲ್ಲಿ, ಎಷ್ಟು ಜನ ಒತ್ತಿದರು ಅಂತ ಗೂಗಲ್ ತನ್ನ ಬಾಗಿಲಿನ ಲೆಕ್ಕ ತೋರಿಸುವ ಜಾಗ. ನಿಮ್ಮ ಪುಟದಲ್ಲಿ ಯಾವ ಸ್ಕ್ರಿಪ್ಟೂ ಇಲ್ಲದಿದ್ದರೂ ಇದು ನಡೆಯುತ್ತದೆ. ತೆರೆದರೆ ಏನಿದೆ? "ಈ ಸೈಟಿನ ಮಾಲೀಕರು ನೀವೇ ಅನ್ನುವುದಕ್ಕೆ ಆಧಾರ ಇಲ್ಲ!"

ಎದೆ ಧಸಕ್ಕೆಂದಿತು. ಮಹಾಶಯರು ಹೇಳಿದ್ದು ನಿಜವಾಯಿತೇ? ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. 2020ರಲ್ಲಿ ಮಾಲೀಕತ್ವ ಸಾಬೀತು ಮಾಡಲು ನಾನು ಆರಿಸಿದ್ದ ದಾರಿಯೇ ಟ್ಯಾಗ್ ಮ್ಯಾನೇಜರ್. ಚೀಲ ಎಸೆದಾಗ ಮನೆಯ ಕೀಲಿಯೂ ಚೀಲದ ಜೊತೆ ಹೋಗಿತ್ತು! ಗೂಗಲ್ ಆಗಾಗ ಬಂದು ಗುರುತು ಇದೆಯೇ ನೋಡುತ್ತದೆ, ಸ್ವಲ್ಪ ದಿನ ಕಾಯುತ್ತದೆ, ಇಲ್ಲದಿದ್ದರೆ ನಮ್ಮನ್ನು ಹೊರಗೆ ನಿಲ್ಲಿಸುತ್ತದೆ. ಇದರಿಂದ ರ್ಯಾಂಕ್ ಏನೂ ಬೀಳುವುದಿಲ್ಲ, ನಮಗೆ ಕಾಣಿಸುವುದು ನಿಲ್ಲುತ್ತದೆ ಅಷ್ಟೇ. ಆದರೆ ನೋಡಲೇಬೇಕಾದ ಹೊತ್ತಿಗೇ ಕಣ್ಣು ಕಟ್ಟಿದಂತಾಗಿತ್ತು ನನಗೆ. ಅನಲಿಟಿಕ್ಸ್ ತೆಗೆಯುವವರು ದಯವಿಟ್ಟು ಇದೊಂದನ್ನು ಮೊದಲೇ ನೋಡಿಕೊಳ್ಳಿ. ಡೊಮೇನಿನ ಡಿಎನ್‌ಎಸ್‌ನಲ್ಲಿ ಒಂದು ಸಾಲು ಸೇರಿಸಿ ಮತ್ತೆ ಒಳಹೊಕ್ಕೆ. ಪುಣ್ಯಕ್ಕೆ ಹಳೆಯ ಅಂಕಿಗಳೆಲ್ಲ ಹಾಗೇ ಇದ್ದವು.

ಅಂಕಿ ನೋಡಿದರೆ ಗೊಂದಲ ಇನ್ನೂ ಹೆಚ್ಚಾಯಿತು. ಸ್ಥಾನ ಮೊದಲಿನಂತೆಯೇ, ಹೆಚ್ಚು ಕಡಿಮೆ ಆರನೆಯದು. ಮಾರ್ಚ್-ಏಪ್ರಿಲ್‌ನಲ್ಲಿ ಸ್ವಲ್ಪ ಕುಣಿದಿತ್ತು. ಅದಕ್ಕೆ ಬೇರೆ ಕಾರಣ ಇತ್ತು: ಗೂಗಲ್ 2024ರ ಮಾರ್ಚ್ 5ರಂದು ತನ್ನ ದೊಡ್ಡ ಬದಲಾವಣೆಯೊಂದನ್ನು ಬಿಡಲು ಶುರುಮಾಡಿ ಏಪ್ರಿಲ್ 19ಕ್ಕೆ ಮುಗಿಸಿತ್ತು. ಲೋಕದ ಎಲ್ಲರ ಸೈಟೂ ಆಗ ಕುಣಿದಿದ್ದವು. ನಾನು ಕೋಡ್ ತೆಗೆದದ್ದೂ ಅದೇ ವಾರ! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ. ಪುಟ ಎಷ್ಟು ಸಲ ಜನರ ಕಣ್ಣಿಗೆ ಬಿದ್ದಿತ್ತು ಅನ್ನುವುದೂ ಮೊದಲಿನಷ್ಟೇ. ಆದರೆ ಒತ್ತಿದವರು ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆ. ಕಾಣುತ್ತಿದ್ದೇವೆ, ಅದೇ ಜಾಗದಲ್ಲಿ ಕಾಣುತ್ತಿದ್ದೇವೆ, ಜನ ಮಾತ್ರ ಮುಂದೆ ಹೋಗುತ್ತಿದ್ದಾರೆ. ಯಾಕೆ?

ಮಾಮಾನಿಗೆ ಈ ಅಂಕಿಗಳಲ್ಲಿ ಆಸಕ್ತಿ ಇರಲಿಲ್ಲ. "ತೆಗೆದದ್ದು ತಿರುಗಿ ಹಾಕು" ಅಂದ. ಸಂಜೆ ಒಬ್ಬ ಕಾರೀಗರ್ ಚಾಚಾ ಅಡ್ವಾನ್ಸಿನ ಮಾತಿಗೆ ಬಂದಿದ್ದರು. ಮಾಮಾ ಅವರ ಮುಂದೆಯೇ ನನ್ನ ಪುರಾಣ ಬಿಚ್ಚಿದ. ಚಾಚಾ ಕೇಳಿಸಿಕೊಂಡು, ತಮ್ಮ ಕಸುಬಿನ ಮಾತು ಹೇಳಿದರು. ಬಿದ್ರಿಯಲ್ಲಿ ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿದ ಸಾಮಾನಿಗೆ ಹಚ್ಚಿದರೆ ಸತುವು-ತಾಮ್ರದ ಮೈ ಕಪ್ಪಗಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಕಪ್ಪು ಸರಿಯಾಗಿ ಹತ್ತದಿದ್ದರೆ ಹೊಸ ಹುಡುಗರು ಮೊದಲು ಬಯ್ಯುವುದು ಮಣ್ಣನ್ನು. ಮಣ್ಣು ಬದಲಿಸುತ್ತಾರೆ, ನವಸಾಗರ ಬದಲಿಸುತ್ತಾರೆ, ಬೆಂಕಿ ಹೆಚ್ಚಿಸುತ್ತಾರೆ, ಎಲ್ಲಾ ಒಟ್ಟಿಗೆ. ಆಮೇಲೆ ಸರಿಹೋದರೂ ಯಾತರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. "ಒಂದೊಂದೇ ಬದಲಿ ಮಾಡ್ಬೇಕ್ ಬೇಟಾ" ಅಂದರು.

ನಾಚಿಕೆಯಾಯಿತು. ಆಫೀಸಿನಲ್ಲಿ ದಿನಾ ಮಾಡುವ ಕೆಲಸ ಇದು, ಮನೆಯವರ ವಿಷಯ ಬಂದಾಗ ಮರೆತಿದ್ದೆ. ಸರಿ, ಚೀಲ ಬೇಡ ಅಂತ ಬರೀ ಅನಲಿಟಿಕ್ಸಿನ ಕೋಡ್ ಮಾತ್ರ ತಿರುಗಿ ಹಾಕಿ, ಬೇರೇನೂ ಮುಟ್ಟದೆ ಬೆಂಗಳೂರಿಗೆ ಬಂದೆ. ಮಾಮಾನಿಗೂ ಸಮಾಧಾನ. ಮೇ ಪೂರ್ತಿ ಹೋಯಿತು, ಜೂನ್ ಅರ್ಧ ಹೋಯಿತು. ಸ್ಥಾನ ಅಲ್ಲೇ. ಕ್ಲಿಕ್ಕು ಅಷ್ಟೇ. ಗೂಗಲ್‌ಗೆ ಸಿಟ್ಟಿದ್ದಿದ್ದರೆ ಇಷ್ಟು ಹೊತ್ತಿಗೆ ಇಳಿಯಬೇಕಿತ್ತಲ್ಲ. ಲಗ್ನದ ಸೀಜನ್ ಮಾತ್ರ ಇಳಿದುಹೋಯಿತು.

ಕೊನೆಗೆ ಕಂಡುಹಿಡಿದದ್ದು ಅತ್ತಿ!

ಜೂನಿನಲ್ಲಿ ಒಂದು ದಿನ ವಾಟ್ಸಾಪಿನಲ್ಲಿ ಎರಡು ಚಿತ್ರ ಕಳಿಸಿದರು. ಒಂದು ನಾನೇ 2022ರಲ್ಲಿ ಹೆಮ್ಮೆಯಿಂದ ಕಳಿಸಿದ್ದ ಸ್ಕ್ರೀನ್‌ಶಾಟ್, "ನೋಡ್ರಿ ಅತ್ತಿ, ಗೂಗಲ್‌ನ್ಯಾಗ ನಮ್ಮ ಅಂಗಡಿ" ಅಂತ. ಇನ್ನೊಂದು ಅವತ್ತಿನದು. ಕೆಳಗೆ ಒಂದು ಸಾಲು: "ಮೊದಲ್ ರೇಟ್ ಕಾಣ್ತಿತ್ತು. ಈಗ್ಯಾಕ್ ಕಾಣವಲ್ದು?"

ಹೌದು! ಹಳೆಯ ಚಿತ್ರದಲ್ಲಿ ನಮ್ಮ ಕೊಂಡಿಯ ಕೆಳಗೆ ಹೂದಾನಿಯ ಬೆಲೆ, 'ಸ್ಟಾಕ್ ಇದೆ' ಅನ್ನುವ ಮಾತು ಇತ್ತು. ಹೊಸದರಲ್ಲಿ ಬರೀ ಬೋಳು ಕೊಂಡಿ. ಅಕ್ಕಪಕ್ಕದ ಅಂಗಡಿಗಳಿಗೆ ಮಾತ್ರ ಬೆಲೆ ಕಾಣುತ್ತಿತ್ತು.

ಗೂಗಲ್‌ಗೆ ಬೆಲೆ ಅರ್ಥವಾಗಬೇಕಾದರೆ ಪುಟದೊಳಗೆ ಅದಕ್ಕೇ ಅಂತ ಒಂದು ಚೀಟಿ ಬರೆದಿಡಬೇಕು. ಸ್ಟ್ರಕ್ಚರ್ಡ್ ಡೇಟಾ ಅನ್ನುತ್ತಾರೆ. 2022ರಲ್ಲಿ ಒಂದು ರಾತ್ರಿ, ಪುಟಗಳನ್ನೆಲ್ಲ ಒಂದೊಂದಾಗಿ ತಿದ್ದುವ ಸೋಮಾರಿತನದಿಂದ, ಆ ಚೀಟಿ ಬರೆಯುವ ಕೋಡನ್ನೂ ಟ್ಯಾಗ್ ಮ್ಯಾನೇಜರಿನ ಚೀಲದಲ್ಲೇ ತುರುಕಿದ್ದೆ. ಹಾಗೆ ಮಾಡಬಹುದು, ಆದರೆ ಬೆಲೆಯಂಥ ವಿವರಗಳಿಗೆ ಅಷ್ಟು ಭರವಸೆಯ ದಾರಿಯಲ್ಲ ಅಂತ ಗೂಗಲ್ಲಿನ ಸೂಚನೆಗಳಲ್ಲೇ ಇದೆ. ಮಾರ್ಚಿನಲ್ಲಿ ಚೀಲ ಎಸೆದಾಗ ಅದೂ ಹೋಯಿತು. ರ್ಯಾಂಕ್ ಬಿದ್ದಿರಲೇ ಇಲ್ಲ. ಅಂಗಡಿ ಅದೇ ಜಾಗದಲ್ಲಿತ್ತು, ಬೋರ್ಡಿನ ಮೇಲಿನ ದರಪಟ್ಟಿಯನ್ನು ನಾನೇ ಅಳಿಸಿದ್ದೆ.

ಅಂದರೆ "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾಮಾ" ಅಂದಿದ್ದು ಅರ್ಧ ಸರಿ, ಅರ್ಧ ತಪ್ಪು. ಅನಲಿಟಿಕ್ಸಿಗೆ ಸಂಬಂಧ ಇರಲಿಲ್ಲ. ಆದರೆ ಅವತ್ತು ರಾತ್ರಿ ನಾನು ಮಾಡಿದ ಕೆಲಸಕ್ಕೂ ಫೋನ್ ಕಡಿಮೆಯಾದದ್ದಕ್ಕೂ ಚೆನ್ನಾಗಿಯೇ ಸಂಬಂಧ ಇತ್ತು. ಇದನ್ನು ಮಾಮಾನಿಗೆ ಹೇಳುವುದು ಹೇಗೆ ಅಂತ ಎರಡು ದಿನ ಫೋನ್ ಮಾಡಲಿಲ್ಲ. ಆಮೇಲೆ ಹೇಳಿದೆ. "ತಪ್ಪು ನಂದೇ ಮಾಮಾ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. "ಹೈದರಾಬಾದಿನಾವಗ ನಾ ರೊಕ್ಕ ಕೊಟ್ಟಿಲ್ಲ ತಗೋ" ಅಂದ. ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು.

ಚೀಟಿಗಳನ್ನು ಈ ಸಲ ಪುಟದೊಳಗೇ ಬರೆದೆ. ಒಂದೊಂದು ಸಾಮಾನಿಗೂ, ಎರಡು ವಾರಾಂತ್ಯ ಕೂತು. ಜುಲೈ ಮಧ್ಯದ ಹೊತ್ತಿಗೆ ಬೆಲೆ ಮತ್ತೆ ಕಾಣತೊಡಗಿತು. ಕ್ಲಿಕ್ಕು ಏರಿತು, ಪೂರ್ತಿ ಮೊದಲಿನಷ್ಟಲ್ಲ, ಹೆಚ್ಚು ಕಡಿಮೆ. ಆಮೇಲೆ ಆಗಸ್ಟಿನಲ್ಲಿ, ಚಾಚಾ ಹೇಳಿದಂತೆ ಬೇರೇನೂ ಮುಟ್ಟದೆ, ಅನಲಿಟಿಕ್ಸಿನ ಕೋಡೊಂದನ್ನೇ ತೆಗೆದೆ. ಈ ಸಲ ಯಾರಿಗೂ ಹೇಳಲಿಲ್ಲ :) ಆರು ವಾರ ದಿನಾ ನೋಡಿದೆ. ಸ್ಥಾ‍ನ, ಕಂಡ ಸಲ, ಒತ್ತಿದವರು, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಪುಟ ಹಗುರವಾದ್ದಕ್ಕೆ ಮೇಲೇನೂ ಹೋಗಲಿಲ್ಲ, ಅದನ್ನೂ ಹೇಳಬೇಕು. ವೇಗವನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ನಿಜ, 2021ರಿಂದ ಅದಕ್ಕೆ ಅಳತೆಗೋಲುಗಳನ್ನೇ ಇಟ್ಟಿದೆ. ಆದರೆ ಒಂದು ಸ್ಕ್ರಿಪ್ಟ್ ಕಿತ್ತ ಮಾತ್ರಕ್ಕೆ ಆರನೆಯವನು ಒಂದನೆಯವನಾಗುವುದಿಲ್ಲ. ಅತ್ತಿಯ ಮೊಬೈಲಿನಲ್ಲಿ ಬೇಗ ಬರುತ್ತದೆ, ನನಗೆ ಅದೇ ಸಾಕು.

ಹೋದ ಸೀಜನ್ ಹೋದದ್ದೇ. ಆ ಹೂದಾನಿಗಳಲ್ಲಿ ಅರ್ಧದಷ್ಟು ದೀಪಾವಳಿಗೆ ಕಡಿಮೆ ಬೆಲೆಗೆ ಹೋದವು. ಮಾಮಾ ಚಾಚಾನ ಹತ್ತಿರ ಅಡ್ವಾನ್ಸ್ ವಾಪಸ್ ಕೇಳಲಿಲ್ಲ ಅಂತ ಅತ್ತಿಯಿಂದ ಗೊತ್ತಾಯಿತು. ಆ ವರ್ಷ ನನ್ನ ಬೋನಸ್ಸಿನಲ್ಲಿ ಒಂದು ಪಾಲು ಕೊಡಲು ಹೋದರೆ ಮಾಮಾ ಮುಖ ತಿರುಗಿಸಿದ. ಆಫೀಸಿನ ಗೆಳೆಯರ ಮದುವೆಗಳಿಗೆಲ್ಲ ಈಗ ನನ್ನದು ಬಿದ್ರಿ ಉಡುಗೊರೆಯೇ. ಕಾರಣ ಅವರಿಗೆ ಗೊತ್ತಿಲ್ಲ.

ಈಗ ಅಂಗಡಿಯಲ್ಲಿ ಲೆಕ್ಕ ಇಡುವುದು ಮಾಮಾನೇ. ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. ಫೋನ್ ಮಾಡಿದವರಿಗೆಲ್ಲ ಮೊದಲ ಪ್ರಶ್ನೆ, "ನಮ್ ಹೆಸರ್ ಹೆಂಗ್ ಗೊತ್ತಾತ್ರಿ?" ಉತ್ತರವನ್ನು ಹಾಗೇ ಬರೆದುಕೊಳ್ಳುತ್ತಾನೆ. ಮೊನ್ನೆ ಹೋದಾಗ ತಿರುವಿ ನೋಡಿದೆ. 'ಗೂಗಲ್', 'ಗೂಗಲ್', 'ಪುಣೆ ಅಕ್ಕನ ಮಗಳು', 'ಗುರುದ್ವಾರಕ್ಕೆ ಬಂದಾಗ ನೋಡಿದ್ರು', 'ಗೂಗಲ್', 'ಮೊದಲಿನ ಗಿರಾಕಿ'... ಪುಟದ ಕೊನೆಯ ಸಾಲು ಸ್ವಲ್ಪ ಉದ್ದ ಇತ್ತು:

'ಬಂಗಾರದ ಕೋಲಾರದಿಂದ ಫೋನ್. ದಾರಿ ತಪ್ಪಿದ್ರು. ಕೊರಿಯರ್ ಮಾಡು ಅಂದ್ರು. ಹೂದಾನಿ 2.'